ಆಕ್ಸಿರಿಂಕಸ್ ಪ್ರಹಸನದ ‘ಕನ್ನಡ’

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು, 1903ರಲ್ಲಿ ಗ್ರೆನ್‌ಫೆಲ್, ಹಂಟ್ ಎಂಬ ವಿದ್ವಾಂಸರಿಂದ ಪ್ರಕಟವಾದ 413ನೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವುಂಟು. ಅದರಲ್ಲಿ ಭಾರತತೀರದವರು ಆಡುವ ಮಾತು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದರು; ಶಾಮಶಾಸ್ತ್ರಿಗಳು ಸಮರ್ಥಿಸಿದರು; 1926ರಲ್ಲಿ ಬಾರ್ನೆಟ್ ಅಲ್ಲಗಳೆದರು.

ಸಮರ್ಥಕರ ವಾಚನದಲ್ಲಿ ಒಂದು ದೋಷವು ಸ್ಪಷ್ಟವಾಗಿದೆ. ಮೂಲದಲ್ಲಿ ಪಕಾರದಿಂದ ಮೊದಲಾಗುವ ಮಾತನ್ನು ‘ಹಾಕಿ’ ಎಂದು ಓದಲಾಗಿದೆ. ಪಕಾರವು ಹಕಾರವಾಗತೊಡಗಿದುದು ಸುಮಾರು ಹತ್ತನೆಯ ಶತಮಾನದಲ್ಲಿ. ಪಪೈರಸ್ಸಾದರೋ ಎರಡನೆಯ ಶತಮಾನದ್ದು. ಹೊಸ ರೂಪದಿಂದ ಹಳೆಯ ಮಾತನ್ನು ಅಳೆಯುವುದು ಯುಕ್ತವಲ್ಲ. ಹಾಗೆಂದು ಆ ಪಕಾರವೊಂದೇ ಕನ್ನಡಕ್ಕೆ ಪ್ರಮಾಣವೂ ಆಗದು. ಹೋಲಿಸಿ ನೋಡಲು ಅಷ್ಟು ಪ್ರಾಚೀನವಾದ ಕನ್ನಡ ಶಾಸನವಿಲ್ಲ.

ಚಂದ್ರವಳ್ಳಿಯ ರೋಮನ್ ನಾಣ್ಯಗಳು ವ್ಯಾಪಾರಸಂಬಂಧವನ್ನು ಸಾರುತ್ತವೆ, ಪ್ರಹಸನದ ಭಾಷೆಯನ್ನಲ್ಲ. ಕನ್ನಡದ ಪ್ರಾಚೀನತೆಗೆ ಅಭಿಮಾನವು ಆಧಾರವಾಗಲಾರದು. ಧ್ವನಿನಿಯಮಕ್ಕೆ ಒಪ್ಪುವ ವಾಚನವೇ ಆಧಾರವಾಗಬೇಕು.