ಕಾನ್ರಾಡ್ ವೈಟನ ಖಳಪಾತ್ರಗಳು

1924ರಲ್ಲಿ ಜರ್ಮನಿಯ ಪಾಲ್ ಲೇನಿ ಎಂಬ ನಿರ್ದೇಶಕನು 'ಮೇಣದ ಬೊಂಬೆಗಳು' ಎಂಬ ಮೂಕಚಿತ್ರವನ್ನು ತೆಗೆದನು. ಜಾತ್ರೆಯಲ್ಲಿಟ್ಟ ಮೂರು ಮೇಣದ ಬೊಂಬೆಗಳ ಸುತ್ತ ಹೆಣೆದ ಕತೆಗಳು ಅದರಲ್ಲಿರುವುವು. ಬಾಗ್ದಾದಿನ ಖಲೀಫನಾಗಿ ಎಮಿಲ್ ಯಾನಿಂಗ್ಸ್, ಲಂಡನ್ನಿನ ಕೊಲೆಗಡುಕನಾಗಿ ವೆರ್ನರ್ ಕ್ರೌಸ್, ರಷ್ಯದ ಘೋರ ದೊರೆ ಐವಾನನಾಗಿ ಕಾನ್ರಾಡ್ ವೈಟ್ ಅಭಿನಯಿಸಿರುವರು. ಮೂವರೂ ಬರ್ಲಿನ್ನಿನಲ್ಲಿ ಮ್ಯಾಕ್ಸ್ ರೈನ್‌ಹಾರ್ಟನ ರಂಗಭೂಮಿಯಲ್ಲಿ ಪಳಗಿದವರು. ಹತ್ತು ವರ್ಷ ಕಳೆಯುವುದರೊಳಗೆ ಇವರ ದಾರಿ ಬೇರೆಯಾಯಿತು. ಯಾನಿಂಗ್ಸನೂ ಕ್ರೌಸನೂ ಹಿಟ್ಲರನ ಜರ್ಮನಿಯಲ್ಲಿ ನಿಂತು ಅದರ ಮನ್ನಣೆಗೆ ಪಾತ್ರರಾದರು. ವೈಟನು ನಾಡನ್ನು ತೊರೆದನು. ತೊರೆದವನ ಪಾಲಿಗೆ ಕಡೆಯಲ್ಲಿ ಬಂದುದು ಹಿಟ್ಲರನ ಅಧಿಕಾರಿಗಳ ವೇಷವೇ! ಇದನ್ನು ವಿಧಿಯ ಅಣಕವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಆ ವೇಷಗಳನ್ನು ಅವನು ಹೇಗೆ ನಿರ್ವಹಿಸಿದನೆಂಬುದನ್ನು ಅವನ ಮೊದಲಿನ ಪಾತ್ರಗಳ ಪಕ್ಕದಲ್ಲಿಟ್ಟು ನೋಡಿದವರು ಅಷ್ಟಕ್ಕೆ ತೃಪ್ತರಾಗಲಾರರು.

ವೈಟನು ಹುಟ್ಟಿದುದು 1893ರ ಜನವರಿ 22ರಂದು, ಬರ್ಲಿನ್ನಿನಲ್ಲಿ. ರೈನ್‌ಹಾರ್ಟನ ನಾಟಕಶಾಲೆಯನ್ನು ಸೇರಿ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತಿದ್ದಾಗ 1914ರ ಮಹಾಯುದ್ಧವು ಬಂದಿತು. ಪೂರ್ವದ ರಣರಂಗಕ್ಕೆ ಹೋದವನು ಕಾಯಿಲೆ ಬಿದ್ದು, ಸೈನಿಕರಿಗಾಗಿ ನಡೆಯುತ್ತಿದ್ದ ನಾಟಕಗಳಲ್ಲಿ ಕೆಲಸ ಮಾಡಿ, ಯುದ್ಧ ಮುಗಿಯುವ ಮುನ್ನವೇ ಬರ್ಲಿನ್ನಿಗೆ ಮರಳಿದನು. ರಂಗದ ಅಭಿನಯವು ದೀಪ ಆರಿದೊಡನೆ ಅಳಿದುಹೋಗುವಂಥದು. ಅದರ ವಿಷಯವಾಗಿ ಹೆಚ್ಚು ಹೇಳುವುದು ವ್ಯರ್ಥ. ಅಲ್ಲಿಂದ ಅವನು ಚಲಚ್ಚಿತ್ರಕ್ಕೆ ತಂದ ಸಂಪತ್ತು ಯಾವುದೆಂಬುದು ಮಾತ್ರ ಸ್ಪಷ್ಟವಾಗಿದೆ: ಮೈಯನ್ನು ಅಲುಗದಂತೆ ನಿಲ್ಲಿಸಿ, ಒಳಗಿನ ತಳಮಳವನ್ನೆಲ್ಲ ಕಣ್ಣಿಗೆ ತಂದುಕೊಳ್ಳುವ ಬಲ.

1920ರ ಫೆಬ್ರವರಿಯಲ್ಲಿ ತೆರೆಗೆ ಬಂದ 'ಡಾಕ್ಟರ್ ಕ್ಯಾಲಿಗರಿ' ಚಿತ್ರದಲ್ಲಿ ಈ ಬಲವು ಮೊದಲು ಲೋಕಕ್ಕೆ ತಿಳಿಯಿತು. ಅದರಲ್ಲಿ ಕ್ರೌಸನು ಮಾಂತ್ರಿಕನಂಥ ವೈದ್ಯ. ವೈಟನು ಅವನ ವಶದಲ್ಲಿದ್ದು ನಿದ್ದೆಯಲ್ಲಿಯೇ ನಡೆದಾಡಿ ಕೊಲೆಮಾಡುವ ಸೆಜಾರೆ. ನೆಟ್ಟಗೆ ನಿಲ್ಲಿಸಿದ ಪೆಟ್ಟಿಗೆಯೊಳಗೆ ಮಲಗಿದ್ದವನು ಒಡೆಯನ ಕರೆಗೆ ಮೆಲ್ಲಮೆಲ್ಲನೆ ಕಣ್ದೆರೆಯುವ ಆ ಒಂದು ಗಳಿಗೆ ನೋಡಿದವರಿಗೆ ಮರೆಯದು. ಎಚ್ಚರಗೊಳ್ಳುವುದೇ ಒಂದು ಯಾತನೆಯೆಂಬಂತೆ ಆ ರೆಪ್ಪೆಗಳು ತೆರೆಯುವುವು. ಮುಂದೆ ತರುಣಿಯೊಬ್ಬಳನ್ನು ಇರಿಯಲು ಎತ್ತಿದ ಕೈ ಇರಿಯದೆ ನಿಲ್ಲುವುದು. ಅಲ್ಲಿಂದ ಓಡಿ ಬಳಲಿ ಬೀಳುವ ಸೆಜಾರೆಯು ಕೊಲೆಗಾರನೆಂಬುದನ್ನು ಪ್ರೇಕ್ಷಕನು ಬಲ್ಲನು, ಆದರೂ ಮರುಗುವನು. ಭಯಾನಕದ ಬಸಿರಿನಲ್ಲಿ ಕರುಣವನ್ನು ಹುಟ್ಟಿಸುವ ಈ ಕೌಶಲವೇ ವೈಟನ ಸ್ವಂತ ಸೊತ್ತು. ಐವಾನನಲ್ಲಿಯೂ ಅದೇ. ತನಗೆ ವಿಷವಿಟ್ಟಿರುವರೆಂದು ನಂಬಿದ ಆ ಕ್ರೂರಿಯು ಮರಳುಗಡಿಯಾರವನ್ನು ಮತ್ತೆ ಮತ್ತೆ ತಿರುವುತ್ತ ಹುಚ್ಚನಾಗುವಾಗ, ಅವನ ಪಾಪಗಳ ಲೆಕ್ಕವನ್ನು ಇಡುವ ಮನಸ್ಸು ಯಾರಿಗೂ ಬಾರದು. 'ಓರ್ಲಾಕನ ಕೈಗಳು' ಚಿತ್ರದಲ್ಲಿ, ಕೊಲೆಗಾರನ ಕೈಗಳನ್ನು ತನಗೆ ಜೋಡಿಸಿರುವರೆಂದು ನಡುಗುವ ಪಿಯಾನೊವಾದಕನಾಗಿ, ತನ್ನ ಕೈಗಳನ್ನೇ ಅನ್ಯರ ಕೈಗಳೆಂಬಂತೆ ಅವನು ನೋಡುವನು.

ಈ ಮಾರ್ಗದ ತುದಿಯನ್ನು ಕಾಣಬೇಕಾದರೆ 1928ರಲ್ಲಿ ಲೇನಿಯೇ ಅಮೆರಿಕದಲ್ಲಿ ತೆಗೆದ, ವಿಕ್ಟರ್ ಹ್ಯೂಗೋವಿನ ಕಾದಂಬರಿಯನ್ನು ಆಧರಿಸಿದ 'ನಗುವ ಮನುಷ್ಯ' ಚಿತ್ರವನ್ನು ನೋಡಬೇಕು. ಬಾಲ್ಯದಲ್ಲಿ ದುರುಳರು ಬಾಯಿಯನ್ನು ಕೊಯ್ದುದರಿಂದ ಸದಾ ನಗುತ್ತಿರುವಂತೆ ಕಾಣುವ ಗ್ವಿನ್‌ಪ್ಲೇನನೇ ನಾಯಕ. ಭರತನು ಹೇಳಿದ ನಾಲ್ಕು ಅಭಿನಯಗಳಲ್ಲಿ ವಾಚಿಕವು ಮೂಕಚಿತ್ರದಲ್ಲಿ ಮೊದಲೇ ಇಲ್ಲ. ಇಲ್ಲಿ ಆಹಾರ್ಯವು ನಟನಿಗೆ ನೆರವಾಗುವುದರ ಬದಲು ಶತ್ರುವಾಗಿ ಅವನ ಬಾಯನ್ನೇ ಕಟ್ಟಿಹಾಕಿದೆ. ಉಳಿದುದು ಕಣ್ಣು ಮತ್ತು ಸತ್ತ್ವ. ಅಳುವ ಕಣ್ಣಿನ ಕೆಳಗೆ ನಗುವ ಬಾಯಿ. ಅದನ್ನು ಬಟ್ಟೆಯಿಂದ ಮರೆಮಾಡುವ ಕೈ. ಸಾತ್ತ್ವಿಕಾಭಿನಯಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆಯನ್ನು ಕಲ್ಪಿಸುವುದು ಕಷ್ಟ. 1940ರಲ್ಲಿ ಅಮೆರಿಕದ ಚಿತ್ರಕತೆಗಳಲ್ಲಿ ಹುಟ್ಟಿದ 'ಜೋಕರ್' ಎಂಬ ಖಳನಿಗೆ ಈ ಮುಖವೇ ಮಾದರಿಯಾಯಿತು. ಅದನ್ನು ಬರೆದವರು ಬಾಯಿಯನ್ನು ಮಾತ್ರ ಎತ್ತಿಕೊಂಡು ಕಣ್ಣುಗಳನ್ನು ಬಿಟ್ಟರೆಂದು ಹೇಳಬೇಕಾಗಿದೆ.

1921ರ 'ಭಾರತದ ಗೋರಿ' ಚಿತ್ರದ ಮಹಾರಾಜನ ಪಾತ್ರವು ಇಲ್ಲಿ ಹೆಚ್ಚಿನ ಮಾತಿಗೆ ಅರ್ಹವಲ್ಲ. ಜರ್ಮನಿಯಲ್ಲಿ ಕಟ್ಟಿದ ಆ ಭಾರತಕ್ಕೂ ದಿಟದ ಭಾರತಕ್ಕೂ ಸಂಬಂಧವಿಲ್ಲ. 1919ರ 'ಇತರರಂತಲ್ಲದವರು' ಎಂಬ ಚಿತ್ರವನ್ನು ಮಾತ್ರ ಬಿಡುವಂತಿಲ್ಲ. ಪುರುಷರ ಪರಸ್ಪರ ಅನುರಾಗವನ್ನು ಅಪರಾಧವೆಂದೆಣಿಸಿದ ಜರ್ಮನ್ ದಂಡಸಂಹಿತೆಯ 175ನೆಯ ವಿಧಿಯನ್ನು ಎದುರಿಸಿ ತೆಗೆದ ಆ ಚಿತ್ರದಲ್ಲಿ, ಬೆದರಿಕೆಗೆ ಸಿಕ್ಕಿ ಪ್ರಾಣ ನೀಗುವ ಪಿಟೀಲುವಾದಕನ ಪಾತ್ರವನ್ನು ಅವನು ವಹಿಸಿದನು. ಮರುವರ್ಷವೇ ಅದಕ್ಕೆ ನಿಷೇಧವಾಯಿತು. ನಟನು ಪಾತ್ರವನ್ನು ಆರಿಸಿಕೊಳ್ಳುವುದರಲ್ಲಿಯೂ ಧೈರ್ಯವುಂಟೆಂಬುದನ್ನು ಅವನು ತರುಣನಾಗಿದ್ದಾಗಲೇ ಬಲ್ಲವನಾಗಿದ್ದನು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ವೈಟನು ಯೆಹೂದಿಯಲ್ಲ, ಆ ವರ್ಷ ಅವನು ವಿವಾಹವಾದ ಲಿಲಿ ಪ್ರೇಗರ್ ಯೆಹೂದಿ ಮನೆತನದವಳು. ಚಿತ್ರರಂಗದವರೆಲ್ಲರೂ ತಮ್ಮ ಕುಲವನ್ನು ನಮೂದಿಸಬೇಕಾದ ಪತ್ರದಲ್ಲಿ ಅವನು 'ಯೆಹೂದಿ' ಎಂದೇ ಬರೆದನೆಂದು ಅವನ ಚರಿತ್ರೆಯನ್ನು ಬರೆದವರು ಹೇಳುವರು. ದಂಪತಿಗಳು ಇಂಗ್ಲೆಂಡನ್ನು ಸೇರಿದರು. ಮರುವರ್ಷ ಅಲ್ಲಿ ಅವನು ಫಾಯಿಕ್ಟ್‌ವಾಂಗರನ ಕಾದಂಬರಿಯಿಂದಾದ 'ಯೆಹೂದಿ ಸ್ಯೂಸ್' ಚಿತ್ರದ ನಾಯಕನಾದನು. ತಾನು ಹುಟ್ಟಿನಿಂದ ಯೆಹೂದಿಯಲ್ಲವೆಂದು ತಿಳಿದಮೇಲೆಯೂ ಅದನ್ನು ಹೊರಗೆಡಹದೆ, ಯೆಹೂದಿಯಾಗಿಯೇ ನೇಣಿಗೇರುವವನು ಈ ಸ್ಯೂಸ್. 1940ರಲ್ಲಿ ನಾಜಿಗಳು ಅದೇ ಹೆಸರಿನ ಬೇರೊಂದು ಚಿತ್ರವನ್ನು ದ್ವೇಷಪ್ರಚಾರಕ್ಕಾಗಿ ತೆಗೆಯಿಸಿದರು. ಅದರಲ್ಲಿ ಹಲವು ಯೆಹೂದಿಗಳ ವೇಷವನ್ನು ತಾನೊಬ್ಬನೇ ಧರಿಸಿ, ಪ್ರತಿಯೊಂದರಲ್ಲಿಯೂ ಹೇಸಿಕೆ ಹುಟ್ಟಿಸಿದವನು ಕ್ಯಾಲಿಗರಿಯ ಪಾತ್ರಧಾರಿಯಾದ ವೆರ್ನರ್ ಕ್ರೌಸನೇ. ಅವನ ಕೌಶಲವು ಕಡಮೆಯಾಗಿರಲಿಲ್ಲ. ಅದೇ ಭಯಂಕರವಾದ ಸಂಗತಿ. ಯುದ್ಧಾನಂತರ ಕೆಲಕಾಲ ರಂಗದಿಂದ ದೂರವಿಡಲ್ಪಟ್ಟ ಅವನಿಗೆ 1954ರಲ್ಲಿ ಜರ್ಮನ್ ರಂಗದ ಪರಮಗೌರವವಾದ ಇಫ್ಲಾಂಡ್ ಉಂಗುರವು ದೊರೆಯಿತು.

ಇಂಗ್ಲೆಂಡಿನಲ್ಲಿ ವೈಟನ ಧ್ವನಿಯೂ ಕಲೆಗೆ ಸೇರಿತು. 1940ರ 'ಬಾಗ್ದಾದಿನ ಕಳ್ಳ' ಚಿತ್ರದಲ್ಲಿ ಮೈಸೂರು ಸೀಮೆಯ ಮಾವುತನ ಮಗನಾದ ಸಾಬುವಿನ ಎದುರು ಅವನು ಮಾಂತ್ರಿಕ ಜಾಫರನಾಗಿರುವನು. ರಾಜಕುಮಾರಿಯ ಒಲವನ್ನು ಮಂತ್ರದಿಂದ ಪಡೆಯಲೊಲ್ಲದ ಆ ಖಳನಲ್ಲಿ ಇನ್ನೂ ವೇದನೆಯುಂಟು. 1939ರ 'ಕಪ್ಪುಡುಗೆಯ ಗೂಢಚಾರ' ಚಿತ್ರದ ಜರ್ಮನ್ ಜಲಾಂತರ್ಗಾಮಿ ನೌಕೆಯ ನಾಯಕ ಹಾರ್ಟನಲ್ಲಂತೂ ಗಾಂಭೀರ್ಯವೇ ಮೂರ್ತಿವೆತ್ತಿದೆ. ಹಿಂದಿನ ಮಹಾಯುದ್ಧದ ಶತ್ರುವಾದ ಅವನ ಅಂತ್ಯಕ್ಕೆ ಇಂಗ್ಲಿಷ್ ಪ್ರೇಕ್ಷಕನೂ ಮರುಗುವಂತಿದೆ.

ಬಳಿಕ ಅಮೆರಿಕದಲ್ಲಿ ಅವನಿಗೆ ದೊರೆತ ನಾಜಿ ಪಾತ್ರಗಳಲ್ಲಿ ಈ ಮರುಕಕ್ಕೆ ಎಡೆಯೇ ಇಲ್ಲ. ಹಾಲಿವುಡ್ಡು ಮಹಾನಟನೊಬ್ಬನನ್ನು ಸಮವಸ್ತ್ರದ ಗೂಟವನ್ನಾಗಿ ಮಾಡಿತೆಂಬ ಆಕ್ಷೇಪವುಂಟು. ಕೆಲವು ಚಿತ್ರಗಳ ಮಟ್ಟಿಗೆ ಅದು ಸತ್ಯವೂ ಹೌದು. ಆದರೆ 1942ರ 'ಕಾಸಾಬ್ಲಾಂಕಾ' ಚಿತ್ರದ ಮೇಜರ್ ಸ್ಟ್ರಾಸ್ಸರನನ್ನು ಸಾವಧಾನವಾಗಿ ನೋಡಬೇಕು. ಅವನು ಗದರಿಸುವುದು ಅಪರೂಪ. ಸಭ್ಯನಂತೆ ಮುಗುಳ್ನಗುವನು, ಮೆಲುದನಿಯಲ್ಲಿ ಮನುಷ್ಯರ ಪ್ರಾಣದ ಬೆಲೆ ಕಟ್ಟುವನು. ಕಣ್ಣಿನೊಳಗೆ ಮಾತ್ರ ಯಾರೂ ಇಲ್ಲ. ಸೆಜಾರೆಗೂ ಐವಾನನಿಗೂ ಕೊಟ್ಟ ಯಾತನೆಯ ಒಂದು ಹನಿಯನ್ನೂ ವೈಟನು ಇವನಿಗೆ ಕೊಡಲಿಲ್ಲ. ವಿಮಾನನಿಲ್ದಾಣದಲ್ಲಿ ಗುಂಡು ತಗಲಿ ಬೀಳುವ ಸ್ಟ್ರಾಸ್ಸರನಿಗಾಗಿ ಒಬ್ಬನೂ ನಿಟ್ಟುಸಿರಿಡನು. ಕತೆ ಬರೆದವರೇ ಆ ಪಾತ್ರಕ್ಕೆ ಅಂತರಂಗವನ್ನು ಇಡದಿದ್ದರೆ ನಟನು ಏನು ಮಾಡಿಯಾನು ಎಂದು ಕೇಳಬಹುದು. ಉತ್ತರವು ಅದೇ ವರ್ಷದ 'ನಾಜಿ ಏಜೆಂಟ್' ಚಿತ್ರದಲ್ಲಿದೆ. ಅದರಲ್ಲಿ ಅವನು ಅವಳಿ ಸೋದರರಾಗಿರುವನು: ಒಬ್ಬನು ನಾಜಿ ರಾಜಪ್ರತಿನಿಧಿ, ಮತ್ತೊಬ್ಬನು ಅಮೆರಿಕದಲ್ಲಿ ನೆಲಸಿದ ಸಾಧು ಪುಸ್ತಕವ್ಯಾಪಾರಿ. ಸಾಧುವು ಸೋದರನನ್ನು ಕೊಂದು ಅವನ ಸ್ಥಾನದಲ್ಲಿ ನಿಲ್ಲಬೇಕಾಗುವುದು. ಆಮೇಲೆ ಉಡುಪು ಒಂದೇ, ಮುಖವೂ ಒಂದೇ. ಆದರೂ ಒಳಗಿರುವವನು ಯಾರೆಂಬುದು ಆ ಕಣ್ಣಿನಿಂದಲೇ ತಿಳಿಯುವುದು. ಕರುಣೆಯನ್ನು ತೆರೆಯಬೇಕಾದಲ್ಲಿ ತೆರೆಯುವುದೂ ಮುಚ್ಚಬೇಕಾದಲ್ಲಿ ಮುಚ್ಚುವುದೂ ನಟನ ಕೈಯಲ್ಲಿದ್ದಿತು. ನಾಜಿಗಳ ಪಾಲಿಗೆ ಅವನು ಅದನ್ನು ಮುಚ್ಚಿದನು.

1943ರ ಏಪ್ರಿಲ್ 3ರಂದು, ಲಾಸ್ ಏಂಜಲೀಸಿನಲ್ಲಿ ಗಾಲ್ಫ್ ಆಡುತ್ತಿದ್ದಾಗ ಹೃದಯವು ನಿಂತು ವೈಟನು ಮರಣ ಹೊಂದಿದನು. ಆಗ ಅವನಿಗೆ ಐವತ್ತು ವರ್ಷ. ಅವನ ಕೊನೆಯ ಚಿತ್ರವಾದ 'ಸಂಶಯಾತೀತ'ವು ತೆರೆಗೆ ಬಂದುದು ಆಮೇಲೆ. ಅದರಲ್ಲಿ ಅವನು ನಾಜಿಯಲ್ಲ. ನಾಜಿಗಳ ಕಣ್ತಪ್ಪಿಸಿ ಕೆಲಸಮಾಡುವವರಿಗೆ ನೆರವಾಗುವ ಗೃಹಸ್ಥನು.