ರಸ್ತೆಯ ಬಗ್ಗೆ ನಾವಾಡುವ ಮಾತುಗಳು: ಒಂದು ಪರಿಶೀಲನೆ

ಕ್ರಿಕೆಟ್ ಬಗ್ಗೆ ಇರುವಂತೆ ವಾಹನ ದಟ್ಟಣೆಯ ಬಗ್ಗೆಯೂ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯವಿದೆ. ಆಟದ ಕುರಿತ ಅಭಿಪ್ರಾಯ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ರಸ್ತೆಯ ಕುರಿತ ಅಭಿಪ್ರಾಯ ಹಾಗಲ್ಲ. ಅದು ಬೇಡಿಕೆಯಾಗಿ, ಬೇಡಿಕೆ ಯೋಜನೆಯಾಗಿ, ಯೋಜನೆ ಕೋಟ್ಯಂತರ ರೂಪಾಯಿಗಳ ಕಾಂಕ್ರೀಟ್ ಆಗಿ ನಿಲ್ಲುತ್ತದೆ. ಆದ್ದರಿಂದ ಇಂಥ ಕೆಲವು ಮಾತುಗಳನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಒರೆಗೆ ಹಚ್ಚಿ ನೋಡೋಣ.

ಮೊದಲನೆಯ ಮಾತು: “ವಾಹನಗಳು ಜೋರಾಗಿ ಓಡುವಂತಾದರೆ ದಟ್ಟಣೆ ಕರಗುತ್ತದೆ.”

ಒಂದು ಪಥದಲ್ಲಿ ಕಾರುಗಳು ಸೆಕೆಂಡಿಗೆ 10 ಮೀಟರ್ (ಗಂಟೆಗೆ 36 ಕಿ.ಮೀ.) ಜವದಲ್ಲಿ ಹೋಗುತ್ತಿವೆ ಎನ್ನಿ. ಸುರಕ್ಷತೆಗಾಗಿ ಮುಂದಿನ ಕಾರಿನಿಂದ 2 ಸೆಕೆಂಡುಗಳ ಅಂತರ ಬೇಕು. ಅಂದರೆ 20 ಮೀಟರ್. ಕಾರಿನ ಉದ್ದ 4 ಮೀಟರ್ ಸೇರಿಸಿದರೆ ಪ್ರತಿ ಕಾರಿಗೂ 24 ಮೀಟರ್ ರಸ್ತೆ. ಒಂದು ಬಿಂದುವನ್ನು 2.4 ಸೆಕೆಂಡಿಗೊಂದು ಕಾರು ದಾಟುತ್ತದೆ. ಗಂಟೆಗೆ 1500 ಕಾರುಗಳಾದವು. ಈಗ ಜವವನ್ನು ಎರಡರಷ್ಟು ಮಾಡಿ. ಬೇಕಾಗುವ ಅಂತರ 40 ಮೀಟರ್ ಆಗುತ್ತದೆ. ಲೆಕ್ಕ ಮಾಡಿದರೆ ಗಂಟೆಗೆ ದಾಟುವ ಕಾರುಗಳು ಸುಮಾರು 1640. ಜವ ದುಪ್ಪಟ್ಟಾದರೂ ಹರಿವು ಹೆಚ್ಚಿದ್ದು ಶೇ. 9ರಷ್ಟು ಮಾತ್ರ! ಜವವನ್ನು ಇನ್ನೆಷ್ಟೇ ಏರಿಸಿದರೂ ಈ ಸಂಖ್ಯೆ 1800ನ್ನು ಮೀರಲಾರದು. ಇದು ಚಾಲಕನ ಪ್ರತಿಕ್ರಿಯಾ ಕಾಲ ಹಾಕಿದ ಮಿತಿ. ಯಾವ ಎಂಜಿನ್ನೂ ಅದನ್ನು ಬದಲಿಸದು.

ಎರಡನೆಯ ಮಾತು: “ಬಸ್ಸಿಗೆಂದು ಪಥ ಮೀಸಲಿಟ್ಟರೆ ಅದು ಖಾಲಿ ಬಿದ್ದಿರುತ್ತದೆ.”

ಒಂದು ಕಾರಿನಲ್ಲಿ ಸರಾಸರಿ ಒಂದೂವರೆ ಮಂದಿ ಇದ್ದಾರೆಂದು ಇಟ್ಟುಕೊಳ್ಳಿ. ಮೇಲಿನ 1500 ಕಾರುಗಳ ಪಥ ಗಂಟೆಗೆ 2250 ಜನರನ್ನು ಸಾಗಿಸುತ್ತದೆ. ಪಕ್ಕದ ಪಥದಲ್ಲಿ ನಿಮಿಷಕ್ಕೆ ಒಂದೇ ಬಸ್ಸು, ಅದರಲ್ಲಿ 60 ಮಂದಿ ಇದ್ದರೂ ಗಂಟೆಗೆ 3600 ಜನ. ಎರಡು ಬಸ್ಸುಗಳ ನಡುವಿನ ಆ ಒಂದು ನಿಮಿಷ ಪಥ ಖಾಲಿಯಾಗಿ ಕಾಣುವುದು ನಿಜ. ಆದರೆ ನಮ್ಮ ಕಣ್ಣು ಎಣಿಸುವುದು ವಾಹನಗಳನ್ನು, ಜನರನ್ನಲ್ಲ. ತಪ್ಪಿರುವುದು ಇಲ್ಲೇ. ನಮ್ಮ ರಸ್ತೆಗಳಲ್ಲಿ ದ್ವಿಚಕ್ರ ವಾಹನಗಳು ಸಂದಿಗೊಂದಿಗಳಲ್ಲಿ ನುಗ್ಗುವುದರಿಂದ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಆದರೆ ಅರ್ಧ ನಿಮಿಷಕ್ಕೊಂದು ಬಸ್ಸು ಬಿಟ್ಟರೆ ಸಾಗುವವರು 7200 ಮಂದಿ ಎಂಬುದನ್ನೂ ನೆನಪಿಡಿ.

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸುಗಳಿಗಾಗಿ ಆದ್ಯತಾ ಪಥವೊಂದನ್ನು ಗುರುತಿಸಲಾಗಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ಹುಬ್ಬಳ್ಳಿ–ಧಾರವಾಡ ನಡುವೆ 2018ರಲ್ಲಿ ಓಡಾಟ ಆರಂಭಿಸಿದ ‘ಚಿಗರಿ’ ಬಸ್ಸುಗಳ ಪ್ರತ್ಯೇಕ ಪಥದ ಮೇಲೂ “ಇಷ್ಟು ಜಾಗ ವ್ಯರ್ಥ” ಎಂಬ ಆಕ್ಷೇಪ ಇದ್ದೇ ಇದೆ. ಆಕ್ಷೇಪಿಸುವ ಮುನ್ನ ಜನರನ್ನು ಎಣಿಸಬೇಕಲ್ಲವೆ?

ಮೂರನೆಯ ಮಾತು: “ಇನ್ನೊಂದು ಮೇಲ್ಸೇತುವೆ ಕಟ್ಟಿದರೆ ಸಾಕು.”

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಪ್ರಸ್ತಾಪ 2016ರಲ್ಲಿ ದೊಡ್ಡ ವಿವಾದವಾಯಿತು. ನಾಗರಿಕರ ವಿರೋಧದಿಂದ 2017ರಲ್ಲಿ ಅದನ್ನು ಕೈಬಿಡಲಾಯಿತು. ಚರ್ಚೆ ಹೆಚ್ಚಾಗಿ ಮರಗಳ ಮತ್ತು ವೆಚ್ಚದ ಸುತ್ತಲೇ ನಡೆಯಿತು. ಸೇತುವೆ ದಟ್ಟಣೆಯನ್ನು ಕಡಿಮೆ ಮಾಡುತ್ತಿತ್ತೆ ಎಂಬ ಮೂಲ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಅಮೆರಿಕದ ನಗರಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಪ್ರಸ್ತುತ: ಹೆದ್ದಾರಿಯ ಪ್ರಮಾಣ ಎಷ್ಟು ಪಾಲು ಹೆಚ್ಚಿತೋ ಹೆಚ್ಚುಕಡಿಮೆ ಅಷ್ಟೇ ಪಾಲು ವಾಹನ ಸಂಚಾರವೂ ಹೆಚ್ಚಿತು. ಕಾರಣ ಸರಳ. ದಾರಿ ಸಲೀಸಾದರೆ ನಿನ್ನೆಯವರೆಗೆ ಬಸ್ಸು ಹತ್ತುತ್ತಿದ್ದವರು ಕಾರು ತೆಗೆಯುತ್ತಾರೆ. ದೂರದಲ್ಲಿ ಮನೆ ಮಾಡುತ್ತಾರೆ. ಹೊಸ ರಸ್ತೆಯೇ ಬೇಡವೆಂದು ಇದರ ಅರ್ಥವಲ್ಲ. ಊರಿಗೆ ಸಂಪರ್ಕವೇ ಇಲ್ಲದಿದ್ದರೆ ರಸ್ತೆ ಬೇಕೇ ಬೇಕು. ಆದರೆ ತುಂಬಿದ ನಗರದಲ್ಲಿ ಅದು ದಟ್ಟಣೆಗೆ ಮದ್ದಲ್ಲ.

ನಾಲ್ಕನೆಯ ಮಾತು: “ಮುಂದೆ ಯಾರೋ ಒಬ್ಬ ಸರಿಯಾಗಿ ಓಡಿಸುತ್ತಿಲ್ಲ.”

ಜಪಾನಿನ ಸುಗಿಯಾಮ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಗಂಟೆಗೆ ಸುಮಾರು 30 ಕಿ.ಮೀ. ಜವದಲ್ಲಿ ಓಡಿಸಲಾಯಿತು. ಸಿಗ್ನಲ್ ಇರಲಿಲ್ಲ, ಅಡ್ಡರಸ್ತೆ ಇರಲಿಲ್ಲ, ಗುಂಡಿ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಕಾರುಗಳು ಒಂದೆಡೆ ಗುಂಪುಗೂಡಿ ನಿಂತವು. ಆ ನಿಲುಗಡೆ ಅಲೆಯಂತೆ ಹಿಮ್ಮುಖವಾಗಿ ಚಲಿಸತೊಡಗಿತು. ಸಾಂದ್ರತೆ ಒಂದು ಮಿತಿಯನ್ನು ದಾಟಿದರೆ ಸಣ್ಣ ಏರುಪೇರೂ ಬೆಳೆಯುತ್ತದೆ. ಬೈಯಲು ಯಾವ ಚಾಲಕನೂ ಸಿಗುವುದಿಲ್ಲ!

ಐದನೆಯ ಮಾತು: “ಎಲ್ಲವೂ ವಿದ್ಯುತ್ ಕಾರುಗಳಾದರೆ ಸಮಸ್ಯೆ ಮುಗಿಯಿತು.”

ರಸ್ತೆಯಲ್ಲಿ ಹೊಗೆ ಇರದು, ಇದು ದೊಡ್ಡ ಲಾಭವೇ. ಆದರೆ ಕಾರಿನ ಉದ್ದ 4 ಮೀಟರೇ ಉಳಿಯುತ್ತದೆ, 2 ಸೆಕೆಂಡುಗಳ ಅಂತರವೂ ಉಳಿಯುತ್ತದೆ. 65 ಕಿ.ಗ್ರಾಂ. ತೂಗುವ ಒಬ್ಬರನ್ನು ಒಯ್ಯಲು 1500 ಕಿ.ಗ್ರಾಂ. ಲೋಹವನ್ನು ಎಳೆದೊಯ್ಯುವಾಗ ಚಲನ ಶಕ್ತಿಯ ಶೇ. 96ರಷ್ಟು ಪಾಲು ಕಾರಿಗೇ ಸೇರುತ್ತದೆ.

ಇನ್ನು ಆಟದ ಮೈದಾನಕ್ಕೆ ಬರೋಣ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಂಥ ಜಾಗದಲ್ಲಿ 35,000 ಪ್ರೇಕ್ಷಕರಿದ್ದಾರೆ ಎನ್ನಿ. ಎಲ್ಲರೂ ಕಾರಿನಲ್ಲೇ ಬಂದರೆ ಸುಮಾರು 23,300 ಕಾರುಗಳು. ಒಳದಾರಿಯೂ ಸೇರಿ ಕಾರೊಂದಕ್ಕೆ 25 ಚದರ ಮೀಟರಿನಂತೆ ಸುಮಾರು 145 ಎಕರೆ ನಿಲುಗಡೆ ಜಾಗ ಬೇಕು. ಆಟ ಮುಗಿದ ಮೇಲೆ ನಾಲ್ಕು ಪಥಗಳಲ್ಲಿ ಎಲ್ಲರೂ ಹೊರಬೀಳಲು ನಾಲ್ಕು ಗಂಟೆಗಳಾದವು. 1500 ಮಂದಿಯ ಮೆಟ್ರೊ ರೈಲು ಎರಡೂ ದಿಕ್ಕಿಗೆ ಐದೈದು ನಿಮಿಷಕ್ಕೊಂದು ಹೊರಟರೆ ಒಂದು ಗಂಟೆ ಸಾಕು.

ಹಾಗಾದರೆ ಕಾರಿನವರ ಮಾತೆಲ್ಲ ಹುಸಿಯೆ? ಅಲ್ಲ. “ಬಸ್ಸನ್ನು ನಂಬುವಂತಿಲ್ಲ” ಎಂಬ ದೂರು ಲೆಕ್ಕದಲ್ಲೂ ನಿಲ್ಲುತ್ತದೆ. ಹತ್ತು ನಿಮಿಷಕ್ಕೊಂದು ಬಸ್ಸು ತಪ್ಪದೆ ಬಂದರೆ ಸರಾಸರಿ ಕಾಯುವಿಕೆ ಐದು ನಿಮಿಷ. ಅಷ್ಟೇ ಬಸ್ಸುಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೆರಡಾಗಿ ಬಂದರೆ ಸರಾಸರಿ ಹತ್ತು ನಿಮಿಷ. ಬಸ್ಸುಗಳ ಸಂಖ್ಯೆ, ಡೀಸೆಲ್ ಖರ್ಚು ಅಷ್ಟೇ; ಪ್ರಯಾಣಿಕನ ಪಾಲಿಗೆ ಸೇವೆ ಅರ್ಧಕ್ಕಿಳಿಯಿತು. ನಿಲ್ದಾಣದವರೆಗೆ ನಡೆಯಲು ಪಾದಚಾರಿ ಮಾರ್ಗವೇ ಇಲ್ಲದಿದ್ದರೆ ಬಸ್ಸು ಎಷ್ಟಿದ್ದರೇನು? ಕಾರಿಲ್ಲದವರು, ಮಕ್ಕಳು, ವೃದ್ಧರು ಈ ಕೊರತೆಯನ್ನು ದಿನವೂ ತೆರುತ್ತಿದ್ದಾರೆ. ಅವರ ಅಭಿಪ್ರಾಯ ಮಾತ್ರ ನಮಗೆ ಅಷ್ಟಾಗಿ ಕೇಳಿಸುವುದಿಲ್ಲ.

ಶಿಕ್ಷಕ ಮಿತ್ರರಿಗೆ ಒಂದು ಸಲಹೆ. ನಿಮ್ಮ ಊರಿನ ಮುಖ್ಯ ರಸ್ತೆಯ ಬದಿಯಲ್ಲಿ, ಸುರಕ್ಷಿತ ಜಾಗದಲ್ಲಿ ವಿದ್ಯಾರ್ಥಿಗಳನ್ನು ಹದಿನೈದು ನಿಮಿಷ ನಿಲ್ಲಿಸಿ. ಒಂದು ಗುಂಪು ವಾಹನಗಳನ್ನು ಎಣಿಸಲಿ, ಇನ್ನೊಂದು ಗುಂಪು ಅವುಗಳಲ್ಲಿರುವ ಜನರನ್ನು, ಮೂರನೆಯದು ನಡೆದುಹೋಗುವವರನ್ನು. ಮೂರೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಬರೆದು, ಯಾರ ಪಾಲಿಗೆ ರಸ್ತೆಯ ಎಷ್ಟು ಅಗಲ ದೊರೆತಿದೆ ಎಂಬುದನ್ನೂ ಅಳೆಯಿಸಿ. ಆ ಪಟ್ಟಿಯನ್ನು ನಿಮ್ಮ ಪಂಚಾಯಿತಿಗೋ ನಗರಸಭೆಗೋ ಕಳುಹಿಸಿಕೊಡಿ.