ಭಗ್ನ ವಿಗ್ರಹ, ಅಭಗ್ನ ಬಲಿಪೀಠ: ಹೇಡ್ರಿಯನ್ ಗೋಡೆಯ ಮಿಥ್ರ ಮಂದಿರವನ್ನು ಕುರಿತ ಒಂದು ವಾದದ ವಿಮರ್ಶೆ

ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತಮತವು ರಾಜಾಶ್ರಯವನ್ನು ಪಡೆದೊಡನೆಯೇ ರೋಮನ್ ಸಾಮ್ರಾಜ್ಯದ ಮೂಲೆಮೂಲೆಗಳಲ್ಲಿ ಪೂರ್ವದೇವತೆಗಳ ಮಂದಿರಗಳು ಧ್ವಂಸವಾದುವೆಂದು ನಾವು ತರಗತಿಗಳಲ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ಉತ್ತರ ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಬಳಿಯ ಮಿಥ್ರ ಮಂದಿರವೊಂದನ್ನು ಇದಕ್ಕೆ ನಿದರ್ಶನವಾಗಿ ಎತ್ತಿಕೊಳ್ಳುವುದೂ ಉಂಟು. ಈ ನಿದರ್ಶನವು ಅಷ್ಟು ಭಾರವನ್ನು ಹೊರಬಲ್ಲುದೆ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

೧೨೨ರಲ್ಲಿ ಆರಂಭವಾದ ಈ ಗೋಡೆಯ ಉದ್ದ ೮೦ ರೋಮನ್ ಮೈಲಿ. ಅದರ ಬ್ರೊಕೊಲಿಟಿಯ ಕೋಟೆಯ ಹೊರಗಣ ಜೌಗುನೆಲದಲ್ಲಿ, ೧೯೪೯ರ ಒಣ ಬೇಸಗೆಯಲ್ಲಿ, ಮಂದಿರದ ಕಲ್ಲುಗಳು ಕಾಣಿಸಿಕೊಂಡುವು. ಮರುವರ್ಷ ಅಯನ್ ರಿಚ್ಮಂಡ್ ಮತ್ತು ಜೆ. ಪಿ. ಗಿಲ್ಲಂ ಉತ್ಖನನ ನಡೆಸಿದರು. ಗೂಳಿಯನ್ನು ವಧಿಸುವ ಮಿಥ್ರನ ಮುಖ್ಯಶಿಲ್ಪದ ಚೂರುಗಳಷ್ಟೇ ದೊರೆತುವು. ದೀವಟಿಗೆ ಹಿಡಿದ ಇಬ್ಬರು ಪರಿವಾರದೇವತೆಗಳಲ್ಲಿ ಒಬ್ಬನಿಗೆ ತಲೆಯಿಲ್ಲ. ಇನ್ನೊಬ್ಬನ ಪಾದಗಳು ಮಾತ್ರ ಉಳಿದಿವೆ. ಆದರೆ ಬಟೇವಿಯನ್ನರ ಒಂದನೆಯ ಪಡೆಯ ದಳಪತಿಗಳು ಅರ್ಪಿಸಿದ ಮೂರು ಬಲಿಪೀಠಗಳು ನಿಂತಲ್ಲಿಯೇ ನಿಂತಿದ್ದುವು. ನಾಶದ ಕಾಲ ನಾಲ್ಕನೆಯ ಶತಮಾನದ ಆದಿಭಾಗ.

ಇದು ಕ್ರೈಸ್ತರ ಕೈವಾಡವೆಂಬ ವ್ಯಾಖ್ಯಾನ ಅಂದಿನಿಂದ ರೂಢವಾಯಿತು. ಅದು ನಿರಾಧಾರವೆಂದು ನಾವು ಹೇಳಲಾರೆವು. ಮಿಥ್ರಪಂಥದ ಸಹಭೋಜನವು ತಮ್ಮ ಪವಿತ್ರಭೋಜನದ ಪೈಶಾಚಿಕ ಅನುಕರಣವೆಂದು ಜಸ್ಟಿನ್, ಟರ್ಟುಲಿಯನ್ ಇಬ್ಬರೂ ಬಹು ಹಿಂದೆಯೇ ದೂಷಿಸಿದ್ದರು. ಎಬರ್ಹಾರ್ಡ್ ಸಾವರ್ ಅವರು ಇಂಥ ವಿಗ್ರಹಭಂಗಗಳಲ್ಲಿ ಮತದ್ವೇಷವನ್ನೇ ಕಾಣುತ್ತಾರೆ.

ಆದರೆ ಸಿಂಪ್ಲೆಕ್ಸ್ ಎಂಬ ದಳಪತಿಯ ಬಲಿಪೀಠವನ್ನು ನೋಡಬೇಕು. ಅದರ ಮೇಲೆ ಕಿರಣಮಕುಟವನ್ನು ಧರಿಸಿದ ಮಿಥ್ರನ ಮೂರ್ತಿಯೇ ಇದೆ. ಕಿರಣಗಳ ಎಡೆಯಲ್ಲಿ ಕಲ್ಲನ್ನು ರಂಧ್ರವಾಗಿ ಕೊರೆದು, ಹಿಂದಣ ಗೂಡಿನಲ್ಲಿ ದೀಪವಿಟ್ಟರೆ ಕತ್ತಲೆಯಲ್ಲಿ ಮಕುಟವು ಬೆಳಗುವಂತೆ ಮಾಡಿದ್ದಾರೆ. ಮಂದಿರದಲ್ಲಿ ಇದಕ್ಕಿಂತ ಕಣ್ಸೆಳೆಯುವ ವಿಗ್ರಹ ಬೇರೊಂದಿರಲಾರದು. ವಿಗ್ರಹವನ್ನೇ ದ್ವೇಷಿಸಿದವರು ಇದನ್ನು ಬಿಟ್ಟುದೇಕೆ? ಹಳೆಯ ದಳಪತಿಗಳ ಹೆಸರುಳ್ಳ ಕಲ್ಲುಗಳೆಂಬ ಗೌರವದಿಂದಲೆ? ಹಾಗಾದರೆ ಒಡೆದವರು ಹೊರಗಿನವರಲ್ಲ, ಅದೇ ಕೋಟೆಯ ಸೈನಿಕರು. ಇದು ನಮ್ಮ ಊಹೆ. ಊಹೆಯೆಂದೇ ಓದುಗರು ಭಾವಿಸಬೇಕು.

ಇನ್ನು ರಾಜಾಜ್ಞೆಯ ವಿಚಾರ. ದೇವಾಲಯಗಳ ಮೇಲಣ ಶಾಸನಗಳು ಬಹುಮಟ್ಟಿಗೆ ಈ ನಾಶದ ತರುವಾಯದವು. ೩೪೨ರ ಶಾಸನವು ರೋಮ್ ನಗರದ ಹೊರವಲಯದ ದೇಗುಲಗಳನ್ನು ಕೆಡಿಸಕೂಡದೆಂದಿತು. ದೇಗುಲಗಳನ್ನು ಮುಚ್ಚಬೇಕೆಂಬ ಆಜ್ಞೆ ಕಾನ್‌ಸ್ಟಾಂಟಿಯಸ್ಸನದು. ಬಲಿಯನ್ನು ಸಂಪೂರ್ಣವಾಗಿ ನಿಷೇಧಿಸಿದುದು ೩೯೧-೯೨ರಲ್ಲಿ. ಹಳ್ಳಿಗಾಡಿನ ದೇಗುಲಗಳನ್ನು ಗಲಭೆಯಿಲ್ಲದೆ ಕೆಡವಿರೆಂಬ ಅಪ್ಪಣೆ ೩೯೯ರದು. ನೆಮ್ಮದಿಯಿಂದಿರುವ ಪೇಗನರನ್ನು ಹಿಂಸಿಸಕೂಡದೆಂಬುದು ೪೨೩ರದು. ಒಬ್ಬೊಬ್ಬ ಅಧಿಕಾರಿಗೆ ಒಂದೊಂದು ಸಂದರ್ಭದಲ್ಲಿ ಬರೆದ ಇವು ೪೩೮ರ ಥಿಯೊಡೋಸಿಯಸ್ ಸಂಹಿತೆಯಲ್ಲಿ ಒಟ್ಟುಗೂಡಿದುದರಿಂದ ಒಂದೇ ನೀತಿಯಂತೆ ತೋರುತ್ತವೆ. ಆ ವೇಳೆಗೆ ಬ್ರಿಟನ್ ಸಾಮ್ರಾಜ್ಯದಲ್ಲಿಯೇ ಇರಲಿಲ್ಲ! ಸಂಹಿತೆಯನ್ನು ಮುಂದಿಟ್ಟುಕೊಂಡು ಈ ಗೋಡೆಯ ಕಲ್ಲುಗಳನ್ನು ಓದುವುದು ಕಾಲವಿಪರ್ಯಾಸವೆಂದೇ ನಮ್ಮ ಅಭಿಮತ.

ಇದೇ ಕೋಟೆಯ ಇನ್ನೊಂದು ಸಾಕ್ಷ್ಯವನ್ನು ಪಠ್ಯಗ್ರಂಥಗಳು ಇದರೊಡನೆ ಸೇರಿಸಿ ಹೇಳುವುದಿಲ್ಲ. ಮಿಥ್ರ ಮಂದಿರದಿಂದ ಅನತಿದೂರದಲ್ಲಿ ಕೊವೆಂಟಿನ ಎಂಬ ಜಲದೇವತೆಯ ಬಾವಿಯಿದೆ. ೧೮೭೬ರಲ್ಲಿ ಜಾನ್ ಕ್ಲೇಟನ್ ಅದನ್ನು ತೋಡಿಸಿದಾಗ ೧೩,೦೦೦ಕ್ಕೂ ಹೆಚ್ಚು ನಾಣ್ಯಗಳು ದೊರೆತುವು. ಮಿಥ್ರನು ಭಗ್ನನಾದ ಮೇಲೆಯೂ ಎರಡು ಮೂರು ತಲೆಮಾರುಗಳ ಕಾಲ ಜನ ಇಲ್ಲಿಗೆ ಬಂದು ಕಾಣಿಕೆ ಹಾಕುತ್ತಿದ್ದರು. ದಳಪತಿಗಳ ಆಶ್ರಯವನ್ನೇ ನೆಚ್ಚಿದ ಗುಪ್ತಪಂಥವು ಅಳಿದುದೂ, ಎಲ್ಲರಿಗೂ ತೆರೆದಿದ್ದ ನೀರಿನ ದೇವತೆಯು ಉಳಿದುದೂ ಒಂದೇ ಕೋಟೆಯ ನೆರಳಿನಲ್ಲಿ. ಬಾವಿಯ ನಾಣ್ಯಗಳ ಸಾಲು ಮುಗಿಯುವುದು ಗ್ರೇಷಿಯನ್ ಚಕ್ರವರ್ತಿಯವುಗಳೊಡನೆ. ರೋಮಿನ ಪುರಾತನ ಅರ್ಚಕವರ್ಗಗಳಿಗೆ ಸಲ್ಲುತ್ತಿದ್ದ ರಾಜದತ್ತಿಯನ್ನು ೩೮೨ರಲ್ಲಿ ನಿಲ್ಲಿಸಿದವನು ಈತನೇ.